ಬನಿಯನ್ನಿಗೊಂದು ಕಿಸೆ

ನಮ್ಮ ಮನೆಯ ಗಂಡಸರ ಬನಿಯನ್ನುಗಳಿಗೆಲ್ಲ ಎಡಗಡೆ, ಎದೆಯ ಮೇಲೆ, ಒಳಮಗ್ಗುಲಿಗೆ ಒಂದು ಕಿಸೆ ಇರುತ್ತದೆ. ಅಂಗಡಿಯಿಂದ ಬರುವಾಗ ಇರುವುದಿಲ್ಲ, ನಾನು ಹಚ್ಚುತ್ತೇನೆ. ಕಿಸೆಗೊಂದು ಮುಚ್ಚಳ, ಮುಚ್ಚಳಕ್ಕೊಂದು ಗುಂಡಿ. ಎಲ್ಲ ಕೈಹೊಲಿಗೆ. ಕಣ್ಣು ಮಂಜಾದ ಮೇಲೆ ಹೊಲಿಗೆ ಸೊಟ್ಟಗಾಗಿದೆ, ಆದರೆ ಈ ತನಕ ಒಂದೂ ಬಿಚ್ಚಿಲ್ಲ.

ನನ್ನ ಸೊಸೆ ಸಾಲೆಯಲ್ಲಿ ಕಲಿಸುವವಳು. ಅವಳಿಗೆ ಇದನ್ನು ಕಂಡರೆ ನಾಚಿಕೆ.

“ಅತ್ತಿ, ಬನೇನಕ್ಕ ಯಾರರ ಕಿಸೆ ಹಚ್ಚತಾರೇನ್ರಿ? ಇಸ್ತ್ರಿ ಮಾಡಾವ ನಗತಾನ.”

“ನಗಲಿ ಬಿಡವಾ. ಅವನ ಹಲ್ಲ ಅಂವ ತೋರಸ್ತಾನ, ನಿಂದೇನ ಸವದ ಹೋಗತೈತಿ?”

ಯಾಕೆ ಹಚ್ಚುತ್ತೀರಿ ಎಂದು ಕೇಳಿದರೆ ಫುಟ್ಬಾಲಿನ ಸಲುವಾಗಿ ಎನ್ನುತ್ತೇನೆ. ಅತ್ತೆಗೆ ಅರವತ್ತರ ಮೇಲೆ ಅರಳುಮರಳು ಎಂದುಕೊಂಡು ಅವಳು ಒಳಗೆ ಹೋಗುತ್ತಾಳೆ. ಪೂರಾ ಕೇಳಿಸಿಕೊಳ್ಳುವಷ್ಟು ಪುರಸೊತ್ತು ಅವಳಿಗಿಲ್ಲ, ನಿಮಗಿದ್ದರೆ ಹೇಳುತ್ತೇನೆ. ನಾನು ಕಲಿತದ್ದು ಕನ್ನಡ ಮೂರನೇ ಇಯತ್ತೆ. ಬರವಣಿಗೆ ಅಷ್ಟರಲ್ಲೇ ಇರುತ್ತದೆ.

ಎರಡನೇ ದೊಡ್ಡ ಲಡಾಯಿ ಸುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ನನಗಾಗ ಹನ್ನೆರಡು. ಊರು ಗೋಕಾಕ. ಅಪ್ಪನದು ಪೇಟೆಯಲ್ಲಿ ಅರಿವೆ ಅಂಗಡಿ. ಅಣ್ಣ ಬಸಣ್ಣ ಬೆಳಗಾವಿಯಲ್ಲಿ ಕಾಲೇಜು ಓದುತ್ತಿದ್ದ. ನಮ್ಮ ಓಣಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಅವ್ವ ನೀರಿಗೆ ಹೋದಲ್ಲಿ, ಹಿಟ್ಟು ಬೀಸುವಲ್ಲಿ, ಕಂಡಕಂಡವರಿಗೆಲ್ಲ, “ನಮ್ಮ ಬಸ್ಯಾ ಬೆಳಗಾಂವ್ಯಾಗ ಕಲ್ಯಾಕತ್ತಾನ” ಎಂದು ಹೇಳುತ್ತಿದ್ದಳು. ಏನು ಕಲಿಯುತ್ತಾನೆಂದು ಅವ್ವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ವರ್ಷ ಗೊತ್ತಾಯಿತು. ಚೆಂಡು ಒದೆಯುವುದನ್ನು ಕಲಿಯುತ್ತಿದ್ದ.

ಬರೀ ಒದೆಯುತ್ತಿರಲಿಲ್ಲ, ಕಾಲೇಜಿನ ತಂಡಕ್ಕೆ ಕ್ಯಾಪ್ಟನ್ ಆಗಿದ್ದ. ಆ ಸಲದ ಕೊನೆಯ ದೊಡ್ಡ ಆಟ ಬೆಳಗಾವಿಯಲ್ಲಿ, ಧಾರವಾಡದ ಕಾಲೇಜಿನವರ ಸಂಗಡ. ಅದಕ್ಕೆ ಮೊದಲು ಕಾಲು ಹದವಾಗಲಿ ಎಂದು ತಂಡವನ್ನು ನಮ್ಮ ಕಡೆ ಕರೆತಂದ. ಗೋಕಾಕದಲ್ಲಿ ಒಂದು ಆಟ, ಮೂಡಲಗಿಯಲ್ಲಿ ಒಂದು, ಹುಕ್ಕೇರಿಯಲ್ಲಿ ಒಂದು. ಕಾಲು ಹದ ಮಾಡುವುದೆಂಬುದು ಮೇಲಿನ ಮಾತು. ತನ್ನ ಊರಿನವರ ಎದುರಿಗೆ ಸೀಟಿ ಹೊಡೆಸಿಕೊಂಡು ಓಡಾಡುವ ಆಸೆ ಅವನಿಗಿತ್ತು. ಅದರಲ್ಲಿ ತಪ್ಪೇನಿಲ್ಲ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಚೆಂಡು ಮನೆಗೆ ಬಂದ ದಿನ ಅವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು.

“ಅದರ ಮ್ಯಾಲಿಂದ ಏನದು?”

“ಚರ್ಮ, ಅವ್ವ.”

“ಚರ್ಮದ್ದನ್ನ ದೇವರ ಮನಿ ಇದ್ದಲ್ಲೆ ತರತೀ? ನೀ ಒಳಗ ಬಾ, ಅದು ಹೊರಗ ಇರಲಿ.”

ಚೆಂಡನ್ನು ದನದ ಕೊಟ್ಟಿಗೆಯಲ್ಲಿ ಗೂಟಕ್ಕೆ ತೂಗುಹಾಕಿದೆವು. ಬೆಳಗಾಗುವುದರೊಳಗೆ ನಮ್ಮ ಎಮ್ಮೆ ಅದನ್ನು ನೆಕ್ಕಿ ನೆಕ್ಕಿ ಹೊಳಪು ಬರಿಸಿತ್ತು. ಅಣ್ಣ ಚೆಂಡಿಗೆ ಕುಸುಬಿ ಎಣ್ಣೆ ಸವರಿ ಇಟ್ಟಿದ್ದನಲ್ಲ, ಎಮ್ಮೆಗೆ ಅದು ರುಚಿ ಹತ್ತಿತ್ತು. ಎರಡು ದಿನ ಹಾಲು ಜಾಸ್ತಿ ಕೊಟ್ಟಿತು ಎಂದು ನನ್ನ ನೆನಪು. ಅವ್ವ ಒಪ್ಪುತ್ತಿರಲಿಲ್ಲ.

ಆಗಿನ ಚೆಂಡಿನ ಒಳಗೆ ರಬ್ಬರಿನ ಚೀಲ ಬೇರೆ ಇರುತ್ತಿತ್ತು. ಬಾಯಿಯಿಂದ ಊದಿ, ಅದರ ಕೊರಳನ್ನು ದಾರದಿಂದ ಬಿಗಿದು, ಚರ್ಮದೊಳಗೆ ತುರುಕಿ, ಮೇಲೆ ತೊಗಲಿನ ವಾದಿ ಹಾಕಿ ಕಟ್ಟಬೇಕು. ಕಾಲೇಜು ಕಲಿತ ಹನ್ನೊಂದು ಮಂದಿಯಲ್ಲಿ ಒಬ್ಬನಿಗೂ ಗಟ್ಟಿ ಗಂಟು ಹಾಕಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಕೌದಿ ಹೊಲಿದ ಕೈ. ಹಾಗಾಗಿ ಆ ತಂಡದ ಗಂಟು ನನ್ನ ಪಾಲಿಗೆ ಬಂತು.

ಇನ್ನೊಂದು ಗಂಟಿನ ಮಾತು ಹೇಳಬೇಕು. ನಮ್ಮದು ಬಸವಣ್ಣನ ದಾರಿ ಹಿಡಿದ ಮನೆತನ. ಕೂಸಿಗೆ ಲಿಂಗ ಕಟ್ಟುತ್ತಾರೆ. ಕಟ್ಟಿದ ಮೇಲೆ ಅದು ಮೈ ಬಿಟ್ಟು ಇಳಿಯುವಂತಿಲ್ಲ. ಬೆಳ್ಳಿಯ ಕರಡಿಗೆಯೊಳಗೆ ಲಿಂಗ, ಕರಡಿಗೆಗೆ ಶಿವದಾರ, ಶಿವದಾರ ಕೊರಳಿಗೆ. ಲಿಂಗದ ಪೂಜೆಯಾಗದೆ ಊಟವಿಲ್ಲ. ಕಳೆದುಹೋದರೆ ಸಿಗುವ ತನಕ ಹನಿ ನೀರೂ ಇಲ್ಲ. ಈಗಿನವರು ಅದಕ್ಕೆ ಏನೇನೋ ದಾರಿ ಮಾಡಿಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಆಗ ದಾರಿ ಇರಲಿಲ್ಲ.

ಗೋಕಾಕದ ಆಟದಲ್ಲಿ ಸೀಟಿ ಹಿಡಿದ ಮಾಸ್ತರರು ಅಣ್ಣನ ಎದೆ ನೋಡಿ, “ಅದನ್ನ ತಗದ ಇಡಪಾ, ಯಾರಿಗರ ಬಡದೀತು” ಎಂದರಂತೆ. ಅಣ್ಣ, “ಅದನ್ನ ತಗದ್ರ ನಾನೂ ಹೊರಗ ಕುಂದರಬೇಕಾಗತೈತ್ರಿ ಮಾಸ್ತರ” ಎಂದ. ಮಾಸ್ತರರ ಕೊರಳಲ್ಲೂ ಅದೇ ಇತ್ತು. ಸುಮ್ಮನೆ ಸೀಟಿ ಊದಿದರು. ಆದರೆ ಎದೆಯಿಂದ ಚೆಂಡು ತಡೆದಾಗೆಲ್ಲ ಕರಡಿಗೆ ಒಳಗೆ ಒತ್ತಿ, ಅಣ್ಣನ ಎದೆಯ ಮೇಲೆ ರೂಪಾಯಿ ಅಗಲದ ನೀಲಿ ಕಲೆ ಮೂಡಿತ್ತು. ಗೋಕಾಕದಲ್ಲಿ ಗೆದ್ದರು. ಮೂಡಲಗಿಯಲ್ಲಿ ಚೆಂಡು ಹಾರಿ ಜಾಲಿಯ ಬೇಲಿಗೆ ಬಿದ್ದು ಠುಸ್ಸೆಂದಿತು. ಆಟ ಅಲ್ಲಿಗೇ ಮುಗಿಯಿತು. ಯಾರೂ ಗೆಲ್ಲಲಿಲ್ಲ, ಬೇಲಿ ಗೆದ್ದಿತು.

ತಂಡ ನಮ್ಮ ಮನೆಗೆ ತಿರುಗಿ ಬಂತು. ಸೈಕಲ್ ಅಂಗಡಿಯವನು ಚೀಲಕ್ಕೆ ತೇಪೆ ಹಚ್ಚಿದ. ಊದಿದರು. ಕೊರಳಿಗೆ ಕಟ್ಟುವ ದಾರ ಎರಡು ಸಲ ಹರಿಯಿತು.

“ಗಂಗಿ, ಗಟ್ಟಿ ದಾರ ಎಲ್ಲೈತಿ? ಲಗೂ ತಾ, ಗಾಳಿ ಹೊಂಟೈತಿ!”

ಅಣ್ಣ ಇಷ್ಟು ಕೂಗಿ ಮತ್ತೆ ಕೆನ್ನೆಯನ್ನು ಕುಂಬಳಕಾಯಿಯಂತೆ ಊದಿಸಿದ. ನಾನು ಒಳಗೆ ಓಡಿದೆ. ಅವ್ವನ ಬುಟ್ಟಿಯಲ್ಲಿ ಹೊಸ ಶಿವದಾರ ಇತ್ತು. ಅಣ್ಣನ ಹಳೆಯದು ಬೆವರಿಗೆ ಸವೆದು ಜೂಲಾಗಿದೆಯೆಂದು ಅವ್ವ ಆ ಮುಂಜಾನೆಯಷ್ಟೇ ಹೊಸೆದು ಇಟ್ಟದ್ದು. ಎತ್ತು ಕಟ್ಟಿದರೂ ಹರಿಯದಂಥ ದಾರ. ಉದ್ದವೂ ಇತ್ತು. ಒಂದು ಗೇಣು ಕತ್ತರಿಸಿಕೊಂಡು ಓಡಿಬಂದು ಚೀಲದ ಕೊರಳು ಬಿಗಿದೆ. ಉಳಿದದ್ದರಲ್ಲಿ ಸಂಜೆ ಅಣ್ಣನ ಕರಡಿಗೆ ಕಟ್ಟಿದವಳೂ ನಾನೇ. ದಾರ ಗಿಡ್ಡ ಆಗಿತ್ತು. ಗಂಟಿಗೆ ತುದಿ ಸಾಲಲಿಲ್ಲ. ಹೇಗೋ ಎಳೆದು ಹಾಕಿದೆ. ನೋಡಲು ಗಂಟಿನಂತೆಯೇ ಇತ್ತು.

ಹುಕ್ಕೇರಿಯಲ್ಲಿ ಅಪ್ಪನ ಅಕ್ಕ, ನೀಲವ್ವತ್ತೆಯ ಮನೆ. ತಂಡದ ಸಂಗಡ ಅವ್ವ, ನಾನು ಇಬ್ಬರೂ ಹೋದೆವು. ಅತ್ತೆ ಹನ್ನೊಂದು ಮಂದಿಯನ್ನೂ ಪಡಸಾಲೆಯಲ್ಲಿ ಕೂರಿಸಿ ರೊಟ್ಟಿ ಬಡಿದು ಹಾಕಿದಳು. “ಉಣ್ಣಾಕ ಇಷ್ಟ ಜೋರ ಇದ್ದವರು ಆಡಾಕ ಎಷ್ಟ ಜೋರ ಇರಬೇಕ!” ಎಂದು ಹೊಗಳಿದಳೋ ಬೈದಳೋ, ಅವರು ಮಾತ್ರ ಇನ್ನೂ ಎರಡು ಹಾಕಿಸಿಕೊಂಡರು.

ಆಟದ ಜಾಗ ಊರ ಹೊರಗಿನ ಬಯಲು. ಮುಂಜಾನೆ ಊರ ದನಗಳೆಲ್ಲ ಕೂಡುವುದು ಅಲ್ಲೇ. ಮಾಯವ್ವ ಎಂಬ ಹೆಂಗಸು ದಿನಾ ಅಲ್ಲಿನ ಸಗಣಿ ಬಳಿದು ಅತ್ತೆಯ ಮನೆಗೆ ಕುಳ್ಳು ತಟ್ಟಿಕೊಡುತ್ತಿದ್ದಳು. ಸಂಜೆ ಹಿತ್ತಲ ಬಾಗಿಲಿಗೆ ಬಂದು ನಿಂತರೆ ಅತ್ತೆ ರೊಟ್ಟಿ ಕೊಡುತ್ತಿದ್ದಳು. ಅವಳು ಹೊಲಗೇರಿಯವಳು, ಹೊಸ್ತಿಲು ದಾಟುತ್ತಿರಲಿಲ್ಲ. ಆ ದಿನ ಆಟದ ಸಲುವಾಗಿ ಬಯಲನ್ನೆಲ್ಲ ಬಳಿದು ಸಗಣಿಯನ್ನು ಒಂದು ಮೂಲೆಗೆ ಗುಂಪಿ ಹಾಕಿದ್ದಳು.

ಆಟ ನೋಡಲು ಹೆಂಗಸರು ಹೋಗುವ ರೂಢಿ ಇರಲಿಲ್ಲ. ನಾನಿನ್ನೂ ಸೀರೆಗೆ ಬಾರದೆ ಪರಕಾರ ಉಡುತ್ತಿದ್ದೆ, ಹೋದೆ. ಎಲ್ಲರೂ ಬರಿಗಾಲು. ಹುಕ್ಕೇರಿಯವರೂ ಕಸುವಿನವರು. ಒಂದಕ್ಕೊಂದು ಸಮ ಆದ ಮೇಲೆ, ಕೊನೆಗೆ ಅಣ್ಣ ಮೇಲಿಂದ ಬಂದ ಚೆಂಡನ್ನು ಎದೆಯಿಂದ ನೂಕಿ, ಬೀಳುವುದರೊಳಗೆ ಒದ್ದ. ಗೋಲು. ಜನ ಕೂಗಿದರು. ಪೇಟ ಹಾರಿದವು. ನಾನು ನೋಡಿದ್ದು ಚೆಂಡನ್ನು. ನನ್ನ ಗಂಟು ಗಟ್ಟಿಯಾಗಿದೆಯೆಂದು ಹಿಗ್ಗಿದೆ.

ಅಣ್ಣ ಬಂದು ನೀರಿನ ತಂಬಿಗೆ ಎತ್ತಿದ. ಬಾಯಿಗೆ ಹಿಡಿಯುವ ಮೊದಲು ಎದೆ ಮುಟ್ಟಿಕೊಳ್ಳುವುದು ನಮ್ಮ ರೂಢಿ. ಕೈ ಎದೆಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ತಂಬಿಗೆಯನ್ನು ತುಳುಕದಂತೆ ನೆಲಕ್ಕಿಟ್ಟ.

ಆ ತಂಬಿಗೆ ಇಟ್ಟ ಸಪ್ಪಳ ಈಗಲೂ ಕಿವಿಯಲ್ಲಿದೆ. ಒಂದು ಗೇಣು ದಾರ ಎಲ್ಲಿ ಹೋಗಿತ್ತೆಂದು ಆ ಬಯಲಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಕರಡಿಗೆ ಹುಡುಕಲು ಸುರು ಮಾಡಿದರು. ಹನ್ನೊಂದು ಮಂದಿ ಹನ್ನೊಂದು ದಿಕ್ಕಿಗೆ. ಸುದ್ದಿ ಕೇಳಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಬಯಲಿಗೇ ಬಂದಳು.

“ಹಿಂಗ ಬೆದರಿದ ಹೋರಿ ತಿರಗಿದಂಗ ತಿರಗಿದ್ರ ಸಿಗತೈತೇನ? ಕುಂದರ್ರಿ ಸಾಲಾಗಿ! ಶೇಂಗಾ ಆರಿಸಿದಂಗ ಆರಸ್ರಿ. ಮುಂದಿನ ಮಣ್ಣ ಮುಟ್ಟಿ ನೋಡಿದ ಹೊರತು ಹೆಜ್ಜಿ ಕಿತ್ತಬ್ಯಾಡ್ರಿ.”

ಕಿತ್ತ ಶೇಂಗಾ ಹೊಲದಲ್ಲಿ ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಕೈಯಿಂದ ನೆಲ ತಡವುತ್ತ ಸರಿಯುತ್ತಾರಲ್ಲ, ಹಾಗೆ ಎರಡೂ ತಂಡದವರು ಕೂತರು. ಹುಕ್ಕೇರಿಯವರ ಮಗ್ಗುಲಿಗೆ ಕಾಲೇಜಿನವರು. ಆಗಷ್ಟೇ ಒಬ್ಬರಿಗೊಬ್ಬರು ಮೊಣಕಾಲು ಮುರಿಯಲು ಹೊರಟವರು ಹೆಗಲಿಗೆ ಹೆಗಲು ಹಚ್ಚಿ ಬಯಲು ಆರಿಸಿದರು. ಒಂದು ಎತ್ತಿನ ಗೆಜ್ಜೆ ಸಿಕ್ಕಿತು, ಮುರಿದ ಹಣಿಗೆ ಸಿಕ್ಕಿತು, ಯಾರದೋ ಒಂದು ದವಡೆ ಹಲ್ಲು ಸಿಕ್ಕಿತು. ಲಿಂಗ ಸಿಗಲಿಲ್ಲ. ಕಣ್ಣು ಕಾಣದಂತಾದಾಗ ಎದ್ದರು.

ಮನೆಯಲ್ಲಿ ಅಣ್ಣ ಪಡಸಾಲೆಯ ಕಂಬಕ್ಕೆ ಒರಗಿ ಕೂತ. ನೀರಿಲ್ಲ, ಊಟವಿಲ್ಲ. ಅವ್ವ ಅವನೆದುರಿಗೆ ಕೂತಳು. ಅವಳೂ ಅನ್ನನೀರು ಬಿಟ್ಟಳು. ದೊಡ್ಡ ಆಟಕ್ಕೆ ನಡುವೆ ಒಂದೇ ದಿನ ಉಳಿದಿತ್ತು. ಆದರೆ ಆಟದ ಚಿಂತೆ ಯಾರಿಗಿತ್ತು? ಬಿಸಿಲಲ್ಲಿ ಅಷ್ಟು ಹೊತ್ತು ಓಡಿದ ಮೈ, ಒಣಗಿದ ತುಟಿ. ಹಟ ಹಿಡಿದರೆ ಬಿಡುವವನಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

“ಮಠಕ್ಕ ಹೋಗೋಣ ನಡಿಯಪಾ,” ಎಂದಳು ಅತ್ತೆ. “ಸ್ವಾಮಿಗೋಳ ಹೊಸಾದ ಕಟ್ಟತಾರ.”

“ಹುಟ್ಟಿದಾಗಿಂದ ಮೈಮ್ಯಾಲಿದ್ದದ್ದು ಬಯಲಾಗ ಬಿದ್ದಿರತೈತಿ, ನಾ ಹೊಸಾದ ಕಟಿಗೊಂಡ ಉಣ್ಣಲೇನ ಅತ್ತಿ?”

ಗೋಲು ಕಾಯುವವನು ರಸೂಲ ಎಂಬ ಹುಡುಗ. ಅವನೂ ನೀರು ಮುಟ್ಟಲಿಲ್ಲ. ನೀನ್ಯಾಕಪ್ಪಾ ಎಂದು ಅವ್ವ ಕೇಳಿದ್ದಕ್ಕೆ, “ನಮಗ ರೋಜಾ ಹಿಡದ ರೂಢಿ ಐತ್ರಿ ಅವ್ವಾರ, ನಂದೇನ ದೊಡ್ಡದಲ್ಲ” ಎಂದ. ಅವನು ಹಾಗೆಂದ ಮೇಲೆ ಉಳಿದವರೂ ಉಣ್ಣುವುದು ಹೇಗೆ? ಅತ್ತೆ ಬಡಿದ ರೊಟ್ಟಿಯೆಲ್ಲ ಬುಟ್ಟಿಯಲ್ಲೇ ಒಣಗಿತು. ಅಷ್ಟರಲ್ಲಿ ಹಿತ್ತಲ ಕಡೆಯಿಂದ “ಅವ್ವಾರ...” ಎಂದು ಮಾಯವ್ವನ ಧ್ವನಿ ಬಂತು. ಅತ್ತೆಗೆ ಮೊದಲೇ ತಲೆ ಕೆಟ್ಟಿತ್ತು. “ಇವತ್ತ ಏನೂ ಇಲ್ಲ, ನಾಳಿಗೆ ಬಾ!” ಎಂದು ಕೂತಲ್ಲಿಂದಲೇ ಕೂಗಿದಳು.

ಮರುದಿನ ಹೊತ್ತು ಹುಟ್ಟುವಾಗಲೇ ಮತ್ತೆ ಬಯಲು ಆರಿಸಿದರು. ಇಲ್ಲ. ಅಣ್ಣನಿಗೆ ಎದ್ದು ನಿಂತರೆ ಕಣ್ಣು ಕತ್ತಲು. ಹಿತ್ತಲಲ್ಲಿ ಮತ್ತೆ ಮಾಯವ್ವ. “ಅವ್ವಾರ, ಒಂದ ಮಾತ...” “ಒಲಿನ ಹಚ್ಚಿಲ್ಲ ಇವತ್ತ, ರೊಟ್ಟಿ ಎಲ್ಲಿಂದ ತರಲಿ? ಹೋಗ!” ಎಂದಳು ಅತ್ತೆ.

ಇನ್ನು ನನ್ನ ಮಾತು. ತಪ್ಪು ಮಾಡಿದವಳು ನಾನು. ಎಲ್ಲರಿಗಿಂತ ಮೊದಲು ಉಪವಾಸ ಬೀಳಬೇಕಾದವಳು ನಾನೇ. ಬಿದ್ದೆನೆಂದು ಬರೆದರೆ ನೀವು ನಂಬುತ್ತೀರಿ, ಆದರೆ ಸುಳ್ಳು ಯಾಕೆ ಹೇಳಲಿ? ಮಧ್ಯಾಹ್ನದ ಹೊತ್ತಿಗೆ ಹಸಿವೆ ತಡೆಯಲಿಲ್ಲ. ಬುಟ್ಟಿಯಿಂದ ಎರಡು ಒಣ ರೊಟ್ಟಿ ಕದ್ದೆ. ಮೇಲೆ ಒಂದಿಷ್ಟು ಶೇಂಗಾ ಹಿಂಡಿ. ಉಪವಾಸ ಕೂತ ಅಣ್ಣನೆದುರಿಗೆ ತಿನ್ನಲಾದೀತೇ? ಹಿತ್ತಲ ಬಾಗಿಲ ಹಿಂದೆ ಕೂತು ಕಟಕಟ ಕಡಿಯುತ್ತಿದ್ದೆ.

“ತಂಗೀ, ನೀನರ ಕೇಳವಾ.”

ಬಾಗಿಲಾಚೆ ಮಾಯವ್ವ. ಬಾಯಲ್ಲಿದ್ದ ರೊಟ್ಟಿಯಿಂದಾಗಿ “ಹೋಗ” ಎನ್ನಲು ನನಗೆ ಆಗಲಿಲ್ಲ. ಅಷ್ಟರಲ್ಲಿ ಅವಳು ಹೇಳಿಬಿಟ್ಟಳು.

“ನಿನ್ನಿ ನೀವೆಲ್ಲ ಹೋದ ಮ್ಯಾಲ ಗುಂಪಿ ಎತ್ತಾಕ ಹೋದಾಗ ಸಗಣ್ಯಾಗ ಬೆಳ್ಳಿ ಮಿಂಚಿತವ್ವ. ನಿಮ್ಮ ದೇವರ ಐತಿ. ನಾ ಮುಟ್ಟಿಲ್ಲ. ಬುಟ್ಟಿ ಡಬ್ಬ ಹಾಕಿ ಮ್ಯಾಲ ಕಲ್ಲ ಇಟ್ಟೇನಿ. ನಮ್ಮತ್ತಿನ್ನ ಅಲ್ಲೇ ಕಾವಲ ಕುಂದ್ರಿಸೇನಿ. ನಿನ್ನಿಂದ ಮೂರ ಸಲ ಬಂದೆ, ಮುಂಜಾನಿ ಹುಡಕವರನ್ನ ನಮ್ಮತ್ತಿನೂ ಕರದ್ಲು, ಒಬ್ಬರೂ ಕೇಳವಲ್ರು.”

“ಎತ್ತಿಕೊಂಡ ಬರಬೇಕಿಲ್ಲ?”

“ಎತ್ತಿದ್ರ ಮುಟ್ಟಿದ್ಲಂತಾರ. ಬೆಳ್ಳಿ ಕೈಯಾಗ ಕಂಡ್ರ ಕದ್ದಿದ್ಲಂತಾರ. ನನಗ ಯಾವುದು ಬೇಕ?”

ರೊಟ್ಟಿ ಅಲ್ಲೇ ಬಿತ್ತು. ಇಬ್ಬರೂ ಓಡಿದೆವು. ಬಯಲಿನ ಮೂಲೆಯಲ್ಲಿ ಮುದುಕಿಯೊಬ್ಬಳು ಬುಟ್ಟಿಯ ಮಗ್ಗುಲಿಗೆ, ಕಾಗೆ ಓಡಿಸುವ ಕೋಲು ಹಿಡಿದು, ಮರಿ ಕಾಯುವ ಕೋಳಿಯಂತೆ ಕೂತಿದ್ದಳು. ಬುಟ್ಟಿ ಎತ್ತಿದೆ. ಸಗಣಿಯಲ್ಲಿ ಅರ್ಧ ಹುಗಿದ ಕರಡಿಗೆ. ಅದಕ್ಕೆ ಶಿವದಾರ, ತುದಿಯಲ್ಲಿ ಬಿಚ್ಚಿದ ನನ್ನ ಗಂಟು. ಎದೆಗೆ ಬಡಿದ ಚೆಂಡಿನ ಸಂಗಡವೇ ಹಾರಿ ಬಂದಿರಬೇಕು. ಆಟದ ಬಯಲನ್ನು ಎರಡೆರಡು ಸಲ ಆರಿಸಿದವರು ಅದರ ಹೊರಗಿನ ಸಗಣಿಗೆ ಕೈ ಹಾಕಿರಲಿಲ್ಲ. ಪರಕಾರದ ಮಡಿಲಲ್ಲಿಟ್ಟುಕೊಂಡು ಓಡಿದೆ.

ಅಣ್ಣ ಕೈ ಚಾಚಿದ. ಅತ್ತೆ ಅಡ್ಡ ಬಂದಳು.

“ತಡಿ ತಡಿ. ಸಗಣ್ಯಾಗ ಬಿದ್ದಿತ್ತು.”

ಅವ್ವ ಕೂತಲ್ಲಿಂದ ಎದ್ದಳು. “ನಿನ್ನ ಹಣಿಮ್ಯಾಲಿನ ಇಬತ್ತಿ ಎದರಿಂದ ಮಾಡ್ಯಾರ ಅಕ್ಕಾ? ತೊಳದ್ರಾತು.”

ಅತ್ತೆ ಬಿಡಲಿಲ್ಲ. ಹಿತ್ತಲ ಕಡೆ ನೋಡಿ ಧ್ವನಿ ಇಳಿಸಿದಳು. “ಅಲ್ಲ... ಅಕಿ ಮುಟ್ಯಾಳೇನ?”

ಅಣ್ಣ ಕರಡಿಗೆಯನ್ನು ಎದೆಗೆ ಒತ್ತಿಕೊಂಡು ಅತ್ತೆಯ ಮುಖ ನೋಡಿದ.

“ಅಕಿ ಮುಟ್ಟಿ ತಂದಿದ್ರ ನಾ ನಿನ್ನಿನ ಉಣತಿದ್ನಲ್ಲ ಅತ್ತಿ.”

ಅತ್ತೆ ಸೀದಾ ಒಳಗೆ ಹೋಗಿ ಒಲೆ ಹಚ್ಚಿದಳು. ಅಣ್ಣ ಜಳಕ ಮಾಡಿ, ಲಿಂಗ ತೊಳೆದು ಪೂಜೆ ಮಾಡಿ, ಮೊದಲ ಗುಟುಕು ನೀರು ಕುಡಿದ. ಗಂಟಲಿನ ಗುಂಡಿ ಮೇಲೆ ಹೋಗಿ ಕೆಳಗೆ ಬಂತು. ಆಮೇಲೆಯೇ ನನಗೆ ಹಗುರಾದದ್ದು. ಅಷ್ಟು ಹಗುರ ನಾನು ನನ್ನ ಲಗ್ನದ ದಿನವೂ ಆಗಿರಲಿಲ್ಲ, ಮಕ್ಕಳನ್ನು ಹಡೆದಾಗಲೂ ಆಗಿರಲಿಲ್ಲ.

ಅತ್ತೆ ಮಾಯವ್ವನಿಗೆ ಒಂದು ಇಳಕಲ್ಲ ಸೀರೆ ಕೊಟ್ಟಳು. ಮಾಯವ್ವ ಬೇಡ ಎನ್ನಲಿಲ್ಲ. ಕಂಕುಳಲ್ಲಿ ಭದ್ರ ಮಾಡಿಕೊಂಡು, “ಇನ್ನೊಮ್ಮಿ ನಾ ಬಂದಾಗ ಮಾತ ಪೂರಾ ಕೇಳಿ ಆಮ್ಯಾಲ ಬೈರ್ರಿ ಅವ್ವಾರ” ಎಂದಳು. ಆಮೇಲೆ ಅತ್ತೆ ಸಾಯುವ ತನಕ ಹಿತ್ತಲಿಗೆ ಯಾರು ಬಂದರೂ, “ಏನ ಹೇಳಾಕ ಬಂದೀ, ಹೇಳ ಮೊದಲ” ಎನ್ನುತ್ತಿದ್ದಳು. ಹೊಸ್ತಿಲೊಳಗೆ ಕರೆಯಲಿಲ್ಲ, ಅದೂ ಖರೆ.

ಹೊಸ ದಾರ ಕಟ್ಟುವಾಗ ನಾನು ಅಣ್ಣನಿಗೆ ಹೇಳಿದೆ.

“ಅಣ್ಣಾ, ದಾರ ಕತ್ತರಿಸಿದಾಕಿ ನಾನು. ಚೆಂಡಿನೊಳಗ ಐತಿ.”

ಬಡಿಯುತ್ತಾನೆಂದು ಕಣ್ಣು ಮುಚ್ಚಿದೆ.

“ಚೆಂಡಿನ ಗಾಳಿ ಹೊಂಟೈತೇನ?”

“ಇಲ್ಲ. ಗಟ್ಟಿ ಐತಿ.”

“ಹಂಗಾರ ಅದನ್ನ ಬಿಚ್ಚಬ್ಯಾಡ. ಅವ್ವಗ ಹೇಳಬ್ಯಾಡ.”

ಆ ಮಧ್ಯಾಹ್ನವೇ ಅತ್ತೆಯ ಹಳೆಯ ಕುಬಸ ಹರಿದು ಅಣ್ಣನ ಬನಿಯನ್ನಿಗೆ ಮೊದಲನೆಯ ಕಿಸೆ ಹಚ್ಚಿದೆ. ದಾರ ಬಿಚ್ಚಿದರೂ ಕರಡಿಗೆ ಕಿಸೆಯಲ್ಲಿ ಇರಬೇಕು, ಮುಚ್ಚಳ, ಗುಂಡಿ. ರಸೂಲ ನೋಡಿ, ತನ್ನ ತಾಯಿತಕ್ಕೂ ಒಂದು ಬೇಕೆಂದ. ಆಮೇಲೆ ಕುಲಕರ್ಣಿ ಎಂಬವನು ಬಂದ.

“ನಿಮ್ಮದ ಜನಿವಾರ. ಕಿಸೆದಾಗ ಏನ ಇಡತೀರಿ?” ಎಂದು ಕೇಳಿದೆ.

“ಪುಟಾಣಿ, ತಿನ್ನಾಕ.”

ಕತ್ತಲಾಗುವುದರೊಳಗೆ ಹನ್ನೊಂದೂ ಬನಿಯನ್ನಿಗೆ ಕಿಸೆ ಆಯಿತು. ಬೆಳಗಾವಿಯಲ್ಲಿ ಒಂದು ಗೋಲಿನಿಂದ ಸೋತರು. ಅಪ್ಪ ಬೇಜಾರು ಮಾಡಿಕೊಂಡ. ನನಗೇನೂ ಅನಿಸಲಿಲ್ಲ. ಅಣ್ಣ ಮನೆಗೆ ಬಂದು, ಎದೆ ಮುಟ್ಟಿಕೊಂಡು, ಆರು ರೊಟ್ಟಿ ತಿಂದ. ನಾನು ಎಣಿಸಿದೆ.

ಇಷ್ಟೇ ನನ್ನ ಕಿಸೆಯ ಕಥೆ. ಬರೆಯಲು ಕೂತದ್ದು ಯಾಕೆಂದರೆ ಮೊನ್ನೆ ಹಿತ್ತಲಲ್ಲಿ ಯಾರೋ “ಅವ್ವಾರ...” ಎಂದರು. ಸೊಸೆ ಒಳಗಿಂದಲೇ, “ಏನೂ ಇಲ್ಲ, ನಾಳಿಗೆ ಬರ್ರಿ” ಎಂದಳು. ನಾನು ಮೊಣಕಾಲು ಹಿಡಿದುಕೊಂಡು ಎದ್ದು ಹೋದೆ. ಗಟಾರ ಬಳಿಯುವ ಹೆಂಗಸು.

“ಏನ ಹೇಳಾಕ ಬಂದೀ, ಹೇಳ ಮೊದಲ.”

ಅವಳು ಒದ್ದೆ ಬನಿಯನ್ನೊಂದನ್ನು ಎತ್ತಿ ಹಿಡಿದಳು.

“ಗಾಳಿಗಿ ಹಾರಿ ಅತ್ಲಾಕಡಿ ಓಣ್ಯಾಗ ಬಿದ್ದಿತ್ರಿ ಅವ್ವಾರ. ಕಿಸೆ ನೋಡಿದೆ. ಇದು ನಿಮ್ಮ ಮನೀದ ಅಂತ ಗೊತ್ತಾತ್ರಿ.”

ಸೊಸೆ ಬಾಗಿಲಲ್ಲಿ ಬಂದು ನಿಂತಿದ್ದಳು. ಬನಿಯನ್ನನ್ನು ಅವಳ ಕೈಗೆ ಕೊಟ್ಟು, ಬಂದ ಹೆಂಗಸಿಗೆ ಚಹಾ ಇಡಲು ಹೇಳಿ, ಒಳಗೆ ಬಂದು ಕೂತೆ.